ಗಿವಾನ್: ಬಿರುಗಾಳಿ ಮೊದಲು ಬಡಿಯುವ ಊರು

ಫೋನಿನಲ್ಲಿ ಮ್ಯಾಪ್ ತೆಗೆದು ಫಿಲಿಪ್ಪೀನ್ಸ್‌ನ ಸಮಾರ್ ದ್ವೀಪ ನೋಡಿ. ಅದರ ಆಗ್ನೇಯ ತುದಿಯಲ್ಲಿ ಬೆರಳಿನ ಹಾಗೆ ಸಮುದ್ರಕ್ಕೆ ಚಾಚಿಕೊಂಡಿರೋ ಊರೇ ಗಿವಾನ್. ಒಂದು ಕಡೆ ಲೇಟೆ ಕೊಲ್ಲಿ, ಇನ್ನೊಂದು ಕಡೆ ಪೆಸಿಫಿಕ್ ಸಾಗರ. ಹಾಗಾಗಿ ಪೂರ್ವದಿಂದ ಬಂದವರಲ್ಲಿ ಎಷ್ಟೋ ಜನ ಮೊದಲು ಕಾಲಿಟ್ಟಿದ್ದು ಇಲ್ಲೇ.

1521ರ ಮಾರ್ಚ್‌ನಲ್ಲಿ ಮೆಗೆಲನ್‌ನ ಹಡಗುಗಳು ಹೊಮೊನ್‌ಹೊನ್ ದ್ವೀಪಕ್ಕೆ ಬಂದವು. ಹಸಿದು, ಕಾಯಿಲೆ ಬಿದ್ದಿದ್ದ ನಾವಿಕರಿಗೆ ಪಕ್ಕದ ಸುಲುವಾನ್ ದ್ವೀಪದವರು ಮೀನು, ಬಾಳೆಹಣ್ಣು, ತೆಂಗಿನಕಾಯಿ ಕೊಟ್ಟರು. ಈ ಎರಡೂ ದ್ವೀಪ ಇವತ್ತು ಗಿವಾನ್ ಪುರಸಭೆಗೆ ಸೇರಿವೆ. ಅದಾದ ಮೇಲೆ ಸ್ಪೇನ್ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಆಳಿತು. 1944ರ ಅಕ್ಟೋಬರ್ 17ಕ್ಕೆ ಅಮೆರಿಕದ ಸೈನಿಕರು ಸುಲುವಾನ್‌ನಲ್ಲಿ ಇಳಿದರು. ಆಮೇಲೆ ಗಿವಾನ್‌ನಲ್ಲಿ ನೌಕಾನೆಲೆ, ರನ್‌ವೇ ಕಟ್ಟಿದರು. 1949ರಲ್ಲಿ ಶಾಂಘೈಯಿಂದ ಓಡಿಬಂದ 5,000ಕ್ಕೂ ಹೆಚ್ಚು ರಷ್ಯನ್ ನಿರಾಶ್ರಿತರು ಪಕ್ಕದ ತುಬಬಾವ್ ದ್ವೀಪದಲ್ಲಿ ಟೆಂಟ್ ಹಾಕಿಕೊಂಡು ಬದುಕಿದರು.

ಗಮನಿಸಿ, ಈ ಯಾವ ನಿರ್ಧಾರವೂ ಊರಿನವರದ್ದಾಗಿರಲಿಲ್ಲ. ಎಲ್ಲವೂ ದೂರದ ರಾಜಧಾನಿಗಳಲ್ಲಿ ಆದವು.

1991ರಲ್ಲಿ ಬಂದ ಸ್ಥಳೀಯ ಆಡಳಿತ ಕಾಯ್ದೆ ಇದನ್ನ ಸ್ವಲ್ಪ ಬದಲಿಸಿತು. ಆರೋಗ್ಯ, ಕೃಷಿಯಂಥ ಕೆಲಸಗಳು ಮತ್ತು ರಾಷ್ಟ್ರೀಯ ತೆರಿಗೆಯಲ್ಲಿ ಒಂದು ಪಾಲು ಊರುಗಳ ಕೈಗೆ ಬಂದವು. ಮೂರು ವರ್ಷಕ್ಕೊಮ್ಮೆ ಮೇಯರ್ ಚುನಾವಣೆ. ಮೇಯರ್ ಕೆಳಗೆ ಬರಾಂಗೇಗಳು, ಅಂದರೆ ಆಡಳಿತದ ಅತ್ಯಂತ ಚಿಕ್ಕ ಘಟಕಗಳು. ಗಿವಾನ್‌ನಲ್ಲಿ ಇವು 60 ಇವೆ. ಈ ಹೆಸರು ಬಂದಿದ್ದು ಬಲಂಗೇ ಅನ್ನೋ ಹಳೇ ದೋಣಿಯಿಂದ. 2010ರ ಇನ್ನೊಂದು ಕಾಯ್ದೆ, ಸ್ಥಳೀಯ ಆದಾಯದಲ್ಲಿ ಕನಿಷ್ಠ ಶೇ 5ನ್ನು ವಿಪತ್ತು ನಿರ್ವಹಣೆಗೆ ಎತ್ತಿಡಬೇಕು ಅಂದಿತು.

ಮೂರೇ ವರ್ಷದಲ್ಲಿ ಪರೀಕ್ಷೆ ಬಂತು. 2013ರ ನವೆಂಬರ್ 8ರ ಬೆಳಗಿನ ಜಾವ ಹೈಯಾನ್ ಚಂಡಮಾರುತ ಮೊದಲು ನೆಲಕ್ಕೆ ಅಪ್ಪಳಿಸಿದ್ದು ಗಿವಾನ್‌ನಲ್ಲೇ. ಊರಿನ ಹೆಚ್ಚುಕಮ್ಮಿ ಎಲ್ಲ ಕಟ್ಟಡಗಳೂ ಜಖಂ ಆದವು, ಸ್ಪೇನ್ ಕಾಲದ ಚರ್ಚಿನ ಚಾವಣಿಯೂ ಹಾರಿಹೋಯಿತು. ಆದರೆ ಸತ್ತವರು ಸುಮಾರು ನೂರು ಜನ. ಕೊಲ್ಲಿಯಾಚೆಯ ತಕ್ಲೋಬಾನ್‌ನಲ್ಲಿ ಸಾವಿರಾರು. ಅಲ್ಲಿ ಕೊಲ್ಲಿಯ ಕಿರಿದಾದ ತುದಿಗೆ ಸಮುದ್ರದ ನೀರೆಲ್ಲ ನುಗ್ಗಿತ್ತು, ಅದೂ ಒಂದು ಕಾರಣ. ಗಿವಾನ್‌ನಲ್ಲಿ ಮಾತ್ರ ಗಾಳಿ ಬರೋ ಮುಂಚೆಯೇ ಸ್ಥಳೀಯ ಆಡಳಿತ ಜನರನ್ನ ಮನೆ ಬಿಡಿಸಿತ್ತು. ಸೇನೆ, ಪರಿಹಾರ ಸಾಮಗ್ರಿ ಎಲ್ಲ ಬಂದಿದ್ದು ಆಮೇಲೆ, ಅದೂ ಯುದ್ಧಕಾಲದ ಅದೇ ರನ್‌ವೇಗೆ.

ಹಾಗಂತ ಕಥೆ ಸುಖಾಂತ್ಯ ಅಲ್ಲ. ಮೀನುಗಾರರ ಸಣ್ಣ ಊರಿನ ಆದಾಯದಲ್ಲಿ ಶೇ 5 ಅಂದ್ರೆ ಎಷ್ಟಾದೀತು? ಹಗ್ಗ, ಟಾರ್ಚ್, ಅಕ್ಕಿ ಬರಬಹುದು. ಗಾಳಿಗೆ ಜಗ್ಗದ ಆಶ್ರಯ ಕಟ್ಟಡ ಏಳೋದು ಕಷ್ಟ. ಜನರನ್ನ ಎಬ್ಬಿಸೋ ಅಧಿಕಾರ ಈಗ ಊರಿಗಿದೆ. ಅವರು ಓಡಿಹೋಗಿ ಸೇರಬೇಕಾದ ಗಟ್ಟಿ ಗೋಡೆಗೆ ದುಡ್ಡು ಮಾತ್ರ ಇನ್ನೂ ಮನಿಲಾದಿಂದಲೇ ಬರಬೇಕು.