ಮುಂದೆ ನಡೆದ ಯಜಮಾನ

ಟಿವಿಯವರಿಗೆ ದೊಡ್ಡವರ ಸಾವಿನ ಸುದ್ದಿ ಬಂತು ಅಂದ್ರೆ ತಕ್ಷಣ ಬೇಕಾಗೋದು ಮೂರೇ ಮೂರು. ಸತ್ತವರ ಒಂದು ಒಳ್ಳೇ ಫೋಟೋ, ಹಿನ್ನೆಲೆಗೆ ಶೋಕದ ಸಂಗೀತ, ಪರದೆ ತುಂಬ ಒಂದು ಹೆಡ್‌ಲೈನ್. ‘ಕಳಚಿತು ಕೊಂಡಿ’, ‘ಅನಾಥವಾಯ್ತು ನಾಡು’. ಈ ಮಾತುಗಳನ್ನು ನಾನೇ ಎಷ್ಟು ಸಲ ಓದಿದ್ದೀನೋ ಲೆಕ್ಕ ಇಟ್ಟಿಲ್ಲ. ಓದುವಾಗೆಲ್ಲ ಒಳಗೊಳಗೇ ಒಂದು ಪ್ರಶ್ನೆ ಕಾಡುತ್ತೆ. ಈ ಜನಸಾಗರದಲ್ಲಿ ಅಧಿಕಾರಕ್ಕಾಗಿ ಬಂದವರೆಷ್ಟು? ಮುಖ ತೋರಿಸೋಕೆ ಬಂದವರೆಷ್ಟು? ಇನ್ನು ಮುಂದೆ ಈ ಮನುಷ್ಯನಿಂದ ಏನೂ ಸಿಗೋದಿಲ್ಲ ಅಂತ ಗೊತ್ತಿದ್ದೂ ಬಂದವರೆಷ್ಟು?

ಆ ಪ್ರಶ್ನೆ ಬಂದಾಗ ನನಗೆ ನೆನಪಾಗೋದು ದೂರದ ಸ್ಕಾಟ್‌ಲೆಂಡಿನಲ್ಲಿ 1995ರ ಮಾರ್ಚ್‌ನಲ್ಲಿ ನಡೆದ ಒಂದು ಅಂತ್ಯಕ್ರಿಯೆ. ಸತ್ತವರು ಸೈಮನ್ ಫ್ರೇಸರ್, ಲಾರ್ಡ್ ಲವಟ್. ಫ್ರೇಸರ್ ಕುಲದ ಯಜಮಾನರು. ಪ್ರೀತಿಯಿಂದ ಕರೆಯುತ್ತಿದ್ದದ್ದು ಶಿಮಿ ಅಂತ. ಅಲ್ಲಿ 72 ವರ್ಷದ ಒಬ್ಬ ಮುದುಕ ಬ್ಯಾಗ್‌ಪೈಪ್ ನುಡಿಸಿದ. ನಮ್ಮ ಸೇನೆಯ ಬ್ಯಾಂಡ್‌ನವರು ಕಂಕುಳಲ್ಲಿ ಚೀಲ ಅವುಚಿಕೊಂಡು ಊದ್ತಾರಲ್ಲ, ಅದೇ ವಾದ್ಯ. ಆ ಮುದುಕ ಯಾಕೆ ಬಂದ ಅಂತ ತಿಳಿಯಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಈ ‘ಯಜಮಾನ’ ಅನ್ನೋದೇನು ನೋಡೋಣ. ಸ್ಕಾಟ್‌ಲೆಂಡಿನ ಉತ್ತರದ ಬೆಟ್ಟಸೀಮೆಗೆ ಹೈಲ್ಯಾಂಡ್ಸ್ ಅಂತ ಹೆಸರು. ಅಲ್ಲಿಯ ಗೇಲಿಕ್ ಭಾಷೆಯಲ್ಲಿ ‘ಕ್ಲಾನ್’ ಅಂದ್ರೆ ಮಕ್ಕಳು. ಅಂದರೆ ಕುಲದವರೆಲ್ಲ ಯಜಮಾನನ ಮಕ್ಕಳು. ಯುದ್ಧಕ್ಕೆ ಕರೆದರೆ ಹೋಗಬೇಕು, ಅವನು ಹೇಳಿದ ನ್ಯಾಯ ಕೇಳಬೇಕು. ಅದಕ್ಕೆ ಬದಲಾಗಿ ಯಜಮಾನ ಅವರನ್ನು ಕಾಯಬೇಕು, ಉಳುವುದಕ್ಕೆ ನೆಲ ಕೊಡಬೇಕು. ಇದು ಎರಡೂ ಕಡೆಯ ಋಣ. ಫ್ರೇಸರ್ ಯಜಮಾನನಿಗೆ ತಲೆತಲಾಂತರದಿಂದ ‘ಮ್ಯಾಕ್‌ಶಿಮಿ’ ಅಂತ ಬಿರುದು. ಸೈಮನ್ನನ ಮಗ ಅಂತ ಅರ್ಥ.

ಆದರೆ ಈ ಋಣವನ್ನು ಎಲ್ಲ ಯಜಮಾನರೂ ತೀರಿಸಿದರಾ? ಇದೇ ಮನೆತನದ ಕಥೆ ಹೇಳ್ತೀನಿ ಕೇಳಿ.

1745ರಲ್ಲಿ ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್ ಬ್ರಿಟನ್ನಿನ ಸಿಂಹಾಸನ ತನ್ನದು ಅಂತ ದಂಗೆ ಎಬ್ಬಿಸಿದ. ಆಗ ಫ್ರೇಸರ್ ಯಜಮಾನ ಇನ್ನೊಬ್ಬ ಸೈಮನ್. ಇತಿಹಾಸ ಅವನನ್ನು ‘ಮುದಿ ನರಿ’ ಅಂತಲೇ ಕರೆಯುತ್ತೆ. ಈ ನರಿ ಏನು ಮಾಡಿದ ಗೊತ್ತಾ? ತನ್ನ ಕುಲದವರನ್ನು, ಸ್ವಂತ ಮಗನನ್ನು ದಂಗೆಗೆ ಕಳಿಸಿದ. ತಾನು ಮನೆಯಲ್ಲೇ ಕೂತು ಸರ್ಕಾರದವರಿಗೆ ಕಾಗದ ಬರೆದ. ನಾನು ನಿಮ್ಮ ಕಡೆಯವನೇ, ಮಗನೇ ನನ್ನ ಮಾತು ಕೇಳ್ತಿಲ್ಲ ಅಂತ! ಗೆದ್ದವರ ಜೊತೆ ಸೇರಿಕೊಳ್ಳುವ ಲೆಕ್ಕಾಚಾರ. ನಮಗೇನೂ ಹೊಸದಲ್ಲ ಬಿಡಿ.

ಲೆಕ್ಕ ತಪ್ಪಿತು. 1746ರ ಏಪ್ರಿಲ್ 16ರಂದು ಇನ್‌ವರ್ನೆಸ್ ಪಕ್ಕದ ಕಲೋಡನ್ ಬಯಲಿನಲ್ಲಿ ಒಂದು ಗಂಟೆಯೂ ಹಿಡಿಯಲಿಲ್ಲ, ದಂಗೆಕೋರರ ಸೇನೆ ನುಚ್ಚುನೂರಾಯಿತು. ಫ್ರೇಸರ್ ಕುಲದ ಎಷ್ಟೋ ಜನ ಅಲ್ಲೇ ಹೆಣವಾದರು. ಅವತ್ತು ಆ ಬಯಲಿನಲ್ಲಿ ಮುದಿ ನರಿ ಇರಲಿಲ್ಲ. ಆಮೇಲೆ ಸಿಕ್ಕಿಬಿದ್ದ. 1747ರ ಏಪ್ರಿಲ್ 9ರಂದು ಲಂಡನ್ನಿನಲ್ಲಿ ಕೊಡಲಿಯಿಂದ ಅವನ ತಲೆ ಕಡಿದರು. ಬ್ರಿಟನ್ನಿನಲ್ಲಿ ಹೀಗೆ ಶಿರಚ್ಛೇದಕ್ಕೆ ಗುರಿಯಾದ ಕೊನೆಯವನು ಅವನೇ. ನೋಡೋಕೆ ಎಷ್ಟು ಜನ ಸೇರಿದ್ದರು ಅಂದ್ರೆ, ಅವರು ಹತ್ತಿದ್ದ ಅಟ್ಟಣಿಗೆಯೇ ಕುಸಿದು ಹಲವರು ಸತ್ತರು. ಯಜಮಾನನ ಸಾವಿಗೆ ಅವತ್ತೂ ಜನಸಾಗರ ಇತ್ತು ಕಣ್ರಿ. ಆದರೆ ಅತ್ತವರ ಜನಸಾಗರ ಅಲ್ಲ.

ಆಮೇಲೆ ಸರ್ಕಾರ ಕಾನೂನು ಮಾಡಿ ಯಜಮಾನರ ನ್ಯಾಯಾಧಿಕಾರ ಕಿತ್ತುಕೊಂಡಿತು. ಗಂಡಸರು ಉಡುವ ಕಿಲ್ಟ್ ಕೂಡ 1782ರ ತನಕ ನಿಷೇಧ. ಹೀಗೆ ತುಳಿದ ಜನರನ್ನೇ ಬ್ರಿಟಿಷರು ಸೇನೆಗೆ ಸೇರಿಸಿಕೊಂಡರು. ಮುದಿ ನರಿಯ ಮಗ ಕ್ಷಮಾದಾನ ಪಡೆದು, 1757ರಲ್ಲಿ ಸಾವಿರಕ್ಕೂ ಹೆಚ್ಚು ಹೈಲ್ಯಾಂಡರ್‌ಗಳ ರೆಜಿಮೆಂಟ್ ಕಟ್ಟಿದ. ಅವರು ಕೆನಡಾದ ಕ್ವಿಬೆಕ್‌ನಲ್ಲಿ ಬ್ರಿಟಿಷ್ ರಾಜನಿಗಾಗಿ ಹೋರಾಡಿದರು. 1774ರಲ್ಲಿ ಮುಟ್ಟುಗೋಲಾಗಿದ್ದ ಆಸ್ತಿ ಮನೆತನಕ್ಕೆ ವಾಪಸ್ ಬಂತು. ಇದರ ಅರ್ಥ ಏನು? ನೆಲ ಯಜಮಾನನದು, ಅದನ್ನು ಬಿಡಿಸಿಕೊಟ್ಟ ರಕ್ತ ಬಡವರದು. ಇದು ನಮಗೆ ಸಂಬಂಧವಿಲ್ಲದ ಕಥೆ ಅಂದುಕೋಬೇಡಿ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಬ್ರಿಟಿಷ್ ಸೇನೆಯಲ್ಲೂ ಹೈಲ್ಯಾಂಡ್ ರೆಜಿಮೆಂಟುಗಳಿದ್ದವು. ಸ್ವಂತ ನೆಲದಲ್ಲಿ ಸೋತವರ ಮಕ್ಕಳು ಮೊಮ್ಮಕ್ಕಳು ಕಾವೇರಿ ದಾಟಿ ಟಿಪ್ಪುವಿನ ಕೋಟೆ ಹತ್ತಿದ್ದರು.

ಇನ್ನೂ ಕೆಟ್ಟದ್ದು ಮುಂದಿತ್ತು. ಹಲವು ಯಜಮಾನರು ಬರೀ ಜಮೀನ್ದಾರರಾದರು. ಮನುಷ್ಯರಿಗಿಂತ ಕುರಿ ಸಾಕಿದರೆ ಲಾಭ ಅಂತ ಲೆಕ್ಕ ಹಾಕಿ ಹಳ್ಳಿಗೆ ಹಳ್ಳಿಯನ್ನೇ ಎಬ್ಬಿಸಿದರು. ‘ಮಕ್ಕಳು’ ಹಡಗು ಹತ್ತಿ ಕೆನಡಾಕ್ಕೆ, ಆಸ್ಟ್ರೇಲಿಯಾಕ್ಕೆ ಹೋದರು. ಹಾಗಾಗಿ ಸ್ಕಾಟ್‌ಲೆಂಡಿನಲ್ಲಿ ಇವತ್ತಿಗೂ ಯಜಮಾನ ಅಂದ್ರೆ ಒಬ್ಬರು ಕೈ ಮುಗಿದರೆ ಇನ್ನೊಬ್ಬರು ಮುಖ ತಿರುಗಿಸ್ತಾರೆ. ಒಬ್ಬನಿಗೇ ಯಾಕೆ ಅಷ್ಟೊಂದು ನೆಲ ಅಂತ ಕೇಳ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು.

ಇಂಥ ಹಿನ್ನೆಲೆಯಲ್ಲಿ 1911ರಲ್ಲಿ ಹುಟ್ಟಿದವರು ಶಿಮಿ ಲವಟ್. ಇವರ ತಂದೆ 1900ರಲ್ಲಿ ಬೋಯರ್ ಯುದ್ಧಕ್ಕೆ ಅಂತ, ಬೆಟ್ಟದಲ್ಲಿ ಜಿಂಕೆಯ ಜಾಡು ಹಿಡಿಯುವವರನ್ನೇ ಸೇರಿಸಿ ‘ಲವಟ್ ಸ್ಕೌಟ್ಸ್’ ಕಟ್ಟಿದ್ದವರು. ಅವರು 1933ರಲ್ಲಿ ತೀರಿಕೊಂಡಾಗ ಮಗನಿಗೆ 21 ವರ್ಷ. ಆ ವಯಸ್ಸಿಗೇ ಕೋಟೆ, ಲಕ್ಷ ಎಕರೆಗೂ ಮೀರಿದ ನೆಲ, ಕುಲದ ಯಜಮಾನಿಕೆ ಎಲ್ಲ ಹೆಗಲಿಗೆ ಬಂತು. ಎರಡನೇ ಮಹಾಯುದ್ಧ ಶುರುವಾದಾಗ ಇಂಥವರು ಲಂಡನ್ನಿನಲ್ಲಿ ಮೇಜಿನ ಹಿಂದೆ ಒಂದು ಕುರ್ಚಿ ಹುಡುಕಿಕೊಳ್ಳಬಹುದಿತ್ತು. ಹುಡುಕಲಿಲ್ಲ. ಕಮಾಂಡೋ ಆದರು.

1942ರ ಆಗಸ್ಟ್ 19. ಫ್ರಾನ್ಸಿನ ದೀಯೆಪ್ ಮೇಲೆ ನಡೆದ ದಾಳಿ ದೊಡ್ಡ ದುರಂತ. ಕೆನಡಾದವರೇ 900ಕ್ಕೂ ಹೆಚ್ಚು ಜನ ಸತ್ತರು. ಅವತ್ತು ಅಂದುಕೊಂಡಂತೆ ನಡೆದ ಕೆಲಸ ಅಂದ್ರೆ ಮುಖ್ಯವಾಗಿ ಲವಟ್ ಅವರ ನಾಲ್ಕನೇ ಕಮಾಂಡೋ ಪಡೆಯದ್ದು. ಜರ್ಮನ್ನರ ಆರು ದೊಡ್ಡ ಫಿರಂಗಿಗಳಿದ್ದ ನೆಲೆಯನ್ನು ಹಿಡಿದು ನಾಶಮಾಡಿ ವಾಪಸ್ ಬಂದರು.

ಆಮೇಲೆ ಬಂತು 1944ರ ಜೂನ್ 6. ಡಿ-ಡೇ. ನಾರ್ಮಂಡಿ ತೀರದ ಸೋರ್ಡ್ ಬೀಚ್‌ನಲ್ಲಿ ಇಳಿಯಬೇಕಾದ ಕಮಾಂಡೋ ಬ್ರಿಗೇಡಿಗೆ ಲವಟ್ ಅವರೇ ಮುಖ್ಯಸ್ಥರು. ಅವರ ಜೊತೆ 21 ವರ್ಷದ ಒಬ್ಬ ಹುಡುಗ. ಹೆಸರು ಬಿಲ್ ಮಿಲಿನ್. ಕೈಯಲ್ಲಿ ಬಂದೂಕಿಲ್ಲ, ಬ್ಯಾಗ್‌ಪೈಪ್ ಇತ್ತು. ಸೊಂಟಕ್ಕೆ ಅಪ್ಪ ಮೊದಲನೇ ಮಹಾಯುದ್ಧದಲ್ಲಿ ಉಟ್ಟಿದ್ದ ಕಿಲ್ಟ್. ಆಯುಧ ಅಂತ ಇದ್ದದ್ದು ಕಾಲುಚೀಲಕ್ಕೆ ಸಿಕ್ಕಿಸಿದ ಒಂದು ಸಣ್ಣ ಚಾಕು. ಕದನದ ಮುಂಚೂಣಿಯಲ್ಲಿ ಪೈಪ್ ನುಡಿಸೋದನ್ನು ಸೇನೆ ನಿಲ್ಲಿಸಿತ್ತು. ಮೊದಲನೇ ಯುದ್ಧದಲ್ಲಿ ಪೈಪ್ ನುಡಿಸುವವರು ಅಷ್ಟು ಜನ ಸತ್ತಿದ್ದರು. ಹುಡುಗ ಅದನ್ನೇ ಹೇಳಿದ. ಅದು ಇಂಗ್ಲಿಷರ ಯುದ್ಧ ಕಚೇರಿಯ ರೂಲು, ನೀನೂ ನಾನೂ ಸ್ಕಾಟ್‌ಗಳು, ನಮಗದು ಅನ್ವಯಿಸಲ್ಲ ಅಂದರಂತೆ ಲವಟ್. ಇದನ್ನು ಮಿಲಿನ್ ಮುಂದೆ ಎಷ್ಟೋ ಸಲ ನೆನಪಿಸಿಕೊಂಡಿದ್ದಾರೆ.

ದೋಣಿಯ ಏಣಿ ಇಳಿಯಿತು. ಲವಟ್ ನೀರಿಗಿಳಿದರು, ಅವರ ಹಿಂದೆಯೇ ಹುಡುಗ. ಕಿಲ್ಟ್ ನೀರ ಮೇಲೆ ತೇಲುತ್ತಿದೆ. ಆ ಕಡೆಯಿಂದ ಗುಂಡಿನ ಮಳೆ. ಹುಡುಗ ಪೈಪ್ ನುಡಿಸುತ್ತ ದಡ ಹತ್ತಿದ, ಸತ್ತವರು ಬಿದ್ದಿದ್ದ ಮರಳಿನ ಮೇಲೆ ಅತ್ತಿಂದಿತ್ತ ನಡೆದ. ಆಮೇಲೆ ಸೆರೆಸಿಕ್ಕ ಜರ್ಮನ್ ಸೈನಿಕರನ್ನು ಕೇಳಿದಾಗ, ಪಾಪ ಇವನಿಗೆ ಹುಚ್ಚು ಹಿಡಿದಿದೆ ಅಂತ ಗುಂಡು ಹಾರಿಸಲಿಲ್ಲ ಅಂದರಂತೆ.

ಇಲ್ಲಿ ನಿಮಗೊಂದು ಅನುಮಾನ ಬರಬಹುದು, ನನಗೂ ಬಂದಿದೆ. ಇದು ಶೌರ್ಯವಾ, ಜಮೀನ್ದಾರನ ಹುಚ್ಚಾಟವಾ? ಬರಿಗೈ ಹುಡುಗನನ್ನು ಗುಂಡಿನೆದುರು ನಿಲ್ಲಿಸೋ ಹಕ್ಕು ಯಾರಿಗಿದೆ? ಮುಂದೆ ಹೋಗೋದಷ್ಟೇ ಕೆಲಸ, ಬಿದ್ದವರಿಗಾಗಿ ನಿಲ್ಲಬಾರದು ಅಂತ ಆರ್ಡರ್ ಇತ್ತು. ಗಾಯಗೊಂಡವರನ್ನು ದಾಟಿಕೊಂಡೇ ನಡೆಯಬೇಕು. ಇದನ್ನೆಲ್ಲ ಬರೀ ವೀರಗಾಥೆ ಮಾಡಿ ಹೇಳೋದು ತಪ್ಪಾಗುತ್ತೆ. ಆದರೆ ಒಂದು ಮಾತಂತೂ ನಿಜ. ಮುದಿ ನರಿ ‘ಹೋಗಿ’ ಅಂದಿದ್ದ. ಈ ಯಜಮಾನರು ‘ಬನ್ನಿ’ ಅಂದರು. ಹುಡುಗ ಯಾವ ಗುಂಡಿಗೆ ಎದುರಾಗಿ ನಿಂತನೋ ಅದೇ ಗುಂಡಿಗೆ ಅವರೂ ಎದುರಾಗಿ ನಡೆದರು.

ಅವತ್ತು ಮಧ್ಯಾಹ್ನ ಕಮಾಂಡೋಗಳು ಒಳನಾಡಿನ ಕಾಲುವೆ ಸೇತುವೆ ತಲುಪಿದರು. ಈಗ ಅದರ ಹೆಸರು ಪೆಗಾಸಸ್ ಸೇತುವೆ. ರಾತ್ರಿಯೇ ಗ್ಲೈಡರ್‌ಗಳಲ್ಲಿ ಇಳಿದ ಸೈನಿಕರು ಅದನ್ನು ಹಿಡಿದು ಇವರ ದಾರಿ ಕಾಯುತ್ತಿದ್ದರು. ತಡವಾಯ್ತು, ಕ್ಷಮಿಸಿ ಅಂತ ಲವಟ್ ಅವರ ಕ್ಷಮೆ ಕೇಳಿದರು ಅನ್ನೋದು ದಂತಕಥೆ. ಮಿಲಿನ್ ಪೈಪ್ ನುಡಿಸುತ್ತಲೇ ಸೇತುವೆ ದಾಟಿದರು. 1962ರ ‘ದಿ ಲಾಂಗೆಸ್ಟ್ ಡೇ’ ಸಿನಿಮಾ ನೋಡಿದವರಿಗೆ ಈ ದೃಶ್ಯ ನೆನಪಿರುತ್ತೆ.

ಸಿನಿಮಾ ಅಲ್ಲಿಗೆ ಮುಗಿಯುತ್ತೆ, ಬದುಕು ಮುಗಿಯಲ್ಲ. ಆರೇ ದಿನಕ್ಕೆ, ಜೂನ್ 12ರಂದು, ಬ್ರೇವಿಲ್ ಅನ್ನೋ ಹಳ್ಳಿಯ ಹತ್ತಿರ ಒಂದು ಶೆಲ್ ಬಂದು ಬಿತ್ತು. ಜರ್ಮನ್ನರದ್ದಲ್ಲ, ಸ್ವಂತ ಕಡೆಯದ್ದೇ, ಗುರಿ ಮುಟ್ಟದೆ ಮಧ್ಯದಲ್ಲೇ ಬಿದ್ದದ್ದು. ಲವಟ್ ಬದುಕೋದೇ ಕಷ್ಟ ಅನ್ನುವಷ್ಟು ಗಾಯಗೊಂಡರು. ಬದುಕಿದರು. ಆದರೆ ಸೈನಿಕನ ಬದುಕು ಅಲ್ಲಿಗೆ ಮುಗಿಯಿತು. 1945ರಲ್ಲಿ ಚರ್ಚಿಲ್ ಸರ್ಕಾರದಲ್ಲಿ ಸ್ವಲ್ಪ ದಿನ ವಿದೇಶಾಂಗ ಖಾತೆಯ ಕಿರಿಯ ಸಚಿವರಾಗಿದ್ದರು. ಆಮೇಲೆ ಊರಿಗೆ ಬಂದು ದನ ಸಾಕಿದರು, ಕೌಂಟಿ ಕೌನ್ಸಿಲ್ಲಿನಲ್ಲಿ ಜನರ ಕೆಲಸ ನೋಡಿಕೊಂಡರು.

ಆಸ್ತಿಯನ್ನು ಅವರು ಬಹಳ ಮೊದಲೇ ಹಿರಿಯ ಮಗನ ಹೆಸರಿಗೆ ಬರೆದಿದ್ದರು. 1994ರ ಮಾರ್ಚ್ ಬಂತು ನೋಡಿ. 15ನೇ ತಾರೀಕು ಕಿರಿಯ ಮಗ ಆಂಡ್ರ್ಯೂ ಟಾಂಜಾನಿಯಾದಲ್ಲಿ ಕಾಡೆಮ್ಮೆ ತಿವಿದು ಸತ್ತರು. 26ಕ್ಕೆ ಹಿರಿಯ ಮಗ ಸೈಮನ್, ಬೇಟೆಗೆ ಹೋದವರು ಹೃದಯಾಘಾತದಿಂದ ತೀರಿಕೊಂಡರು. ಹನ್ನೊಂದು ದಿನದಲ್ಲಿ ಇಬ್ಬರು ಮಕ್ಕಳು. ಬೆಳೆದ ಮಕ್ಕಳ ಹೆಣಕ್ಕೆ ಮಣ್ಣು ಹಾಕೋ ಕಷ್ಟ ಯಾವ ಅಪ್ಪನಿಗೂ ಬೇಡ. ಜೊತೆಗೆ, ಆಸ್ತಿಯ ಮೇಲೆ ದೊಡ್ಡ ಸಾಲ ಇದೆ ಅನ್ನೋದು ಹೊರಬಿತ್ತು. ಮನೆತನದ ಬೋಫರ್ಟ್ ಕೋಟೆಯೇ ಮಾರಾಟವಾಯಿತು. ಕೊಂಡವರು ಯಾರು ಗೊತ್ತಾ? ಸ್ಟೇಜ್‌ಕೋಚ್ ಬಸ್ ಕಂಪನಿ ಕಟ್ಟಿದ ಆನ್ ಗ್ಲೋಗ್. ಮೊದಲು ನರ್ಸ್ ಆಗಿದ್ದವರು, ಬಸ್ ಡ್ರೈವರ್ ಮಗಳು. ಇತಿಹಾಸ ತಾನು ಕೊಟ್ಟದ್ದನ್ನು ಹೀಗೂ ವಾಪಸ್ ತಗೊಳ್ಳುತ್ತೆ.

ಮಕ್ಕಳನ್ನು ಕಳೆದುಕೊಂಡು ವರ್ಷವಾಗುತ್ತಿದ್ದ ಹಾಗೆ, 1995ರ ಮಾರ್ಚ್ 16ರಂದು, 83ನೇ ವಯಸ್ಸಿನಲ್ಲಿ ಶಿಮಿ ಲವಟ್ ತಮ್ಮೂರು ಬ್ಯೂಲಿಯಲ್ಲಿ ಕಣ್ಣು ಮುಚ್ಚಿದರು. ಯಜಮಾನಿಕೆ ಬಂದದ್ದು 18 ವರ್ಷದ ಮೊಮ್ಮಗನಿಗೆ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಅವತ್ತು ಪೈಪ್ ನುಡಿಸಿದ 72 ವರ್ಷದ ಮುದುಕ ಬೇರೆ ಯಾರೂ ಅಲ್ಲ, ಬಿಲ್ ಮಿಲಿನ್. ಯುದ್ಧ ಮುಗಿದ ಮೇಲೆ ಲವಟ್ ತಮ್ಮ ಎಸ್ಟೇಟಿನಲ್ಲೇ ಅವರಿಗೆ ಕೆಲಸ ಕೊಟ್ಟಿದ್ದರು. ಮಿಲಿನ್ ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ನಾಟಕದ ಕಂಪನಿಯ ಜೊತೆ ಊರೂರು ತಿರುಗಿ, ಕೊನೆಗೆ ಮಾನಸಿಕ ರೋಗಿಗಳ ಶುಶ್ರೂಷೆ ಮಾಡುವ ನರ್ಸ್ ಆಗಿ, ಇಂಗ್ಲೆಂಡಿನ ದಕ್ಷಿಣ ತುದಿಯ ಡೆವನ್‌ನಲ್ಲಿ ನೆಲೆಸಿದ್ದರು. ಅವರು ಲವಟ್ ಅವರ ಒಕ್ಕಲಲ್ಲ, ಆಳಲ್ಲ, ಸಾಲಗಾರ ಅಲ್ಲ. ಆ ಮನೆಯಲ್ಲಿ ಅವರಿಗೆ ಸಿಗುವಂಥದ್ದು ಏನೂ ಉಳಿದಿರಲಿಲ್ಲ. ಆದರೂ ಬಂದರು. ಐವತ್ತು ವರ್ಷದ ಹಿಂದೆ ಯಾರ ಬೆನ್ನ ಹಿಂದೆ ನೀರಿಗಿಳಿದಿದ್ದರೋ ಅವರನ್ನು ಕಳಿಸಿಕೊಡೋಕೆ ಮತ್ತೆ ಪೈಪ್ ಎತ್ತಿಕೊಂಡರು.

ಆ ಮಿಲಿನ್ 2010ರಲ್ಲಿ ತೀರಿಕೊಂಡರು. ಮೂರು ವರ್ಷದ ನಂತರ ನಾರ್ಮಂಡಿಯಲ್ಲಿ, ಅವರು ಇಳಿದ ತೀರದ ಹತ್ತಿರವೇ, ಪೈಪ್ ನುಡಿಸುತ್ತಿರುವ ಅವರ ಪ್ರತಿಮೆ ನಿಲ್ಲಿಸಿದರು.

ನಾಳೆ ಮತ್ತೊಬ್ಬ ದೊಡ್ಡವರ ಸಾವಿನ ಸುದ್ದಿ ನಾನು ಓದಬೇಕಾಗುತ್ತೆ. ‘ಜನಸಾಗರ’ ಅಂತ ಪರದೆ ಮೇಲೆ ಬರುತ್ತೆ, ಡ್ರೋನ್ ಕ್ಯಾಮೆರಾ ಮೇಲಿಂದ ತೋರಿಸುತ್ತೆ. ನೀವು ಒಂದು ಕೆಲಸ ಮಾಡಿ. ಮುಂದಿನ ಸಾಲಿನಲ್ಲಿ ನಿಂತ ಬಿಳಿ ಬಟ್ಟೆಯವರನ್ನು ಬಿಟ್ಟುಬಿಡಿ. ಮೂಲೆಯಲ್ಲೆಲ್ಲೋ, ಯಾರಿಂದಲೂ ಏನೂ ಬೇಕಿಲ್ಲದ ಒಬ್ಬ ವಯಸ್ಸಾದವರು ನಿಂತಿದ್ದಾರಾ ನೋಡಿ. ಇದ್ದರೆ, ಹೋದವರು ಎಂದೋ ಒಂದು ದಿನ ಅವರ ಮುಂದೆ ನಡೆದಿದ್ದರು ಅಂತ ಅರ್ಥ.