ಗೋಡೆಯ ಹಾವಸೆ: ಕೂಡ್ಲಿಗಿ–ಹಡಗಲಿ–ಹರಪನಹಳ್ಳಿ ಸೀಮೆ

ಹಯೋಫಿಲ ಇನ್ವಲ್ಯೂಟ ಪಾಟಿಯೇಸೀ ಕುಟುಂಬಕ್ಕೆ ಸೇರಿದ ಗಿಡ್ಡ ಹಾವಸೆ. ಸುಣ್ಣದ ಅಂಶವಿರುವ ಕಲ್ಲು, ಗಾರೆ, ಇಟ್ಟಿಗೆ, ಸಿಮೆಂಟು ಇದರ ನೆಲೆ. ಭಾರತದ ಬಯಲಿನಲ್ಲೂ ಬೆಟ್ಟದಲ್ಲೂ ಸಾಮಾನ್ಯವಾದ ಇದಕ್ಕೆ ಇಂಗ್ಲಿಷ್ ಬಲ್ಲವರು ಸಿಮೆಂಟ್ ಮಾಸ್ ಎನ್ನುವುದೂ ಉಂಟು. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಹಾವಸೆ ಎಂದರೆ ಮಲೆನಾಡಿನ ಸಸ್ಯ ಎಂದೇ ಬರೆದುಕೊಂಡು ಬಂದ ಪುಸ್ತಕಗಳು ಇಂಥ ಒಣಸೀಮೆಯ ಬಳಿ ನಿಂತು ನೋಡಿದ್ದು ಕಡಿಮೆ.

ಗಿಡದ ಎತ್ತರ ಸಾಮಾನ್ಯವಾಗಿ ಅರ್ಧದಿಂದ ಒಂದು ಸೆಂ.ಮೀ. ಎಲೆಯ ಉದ್ದ ಎರಡು ಮೂರು ಮಿ.ಮೀ.; ನಡುನರ ತುದಿಯವರೆಗೂ ಹೋಗುತ್ತದೆ, ತುದಿಯ ಹತ್ತಿರ ಅಂಚಿನಲ್ಲಿ ಸಣ್ಣ ಹಲ್ಲುಗಳಿವೆ. ಒಣಗಿದಾಗ ಎಲೆಯ ಎರಡೂ ಅಂಚು ಒಳಕ್ಕೆ ಮಡಚಿಕೊಂಡು ಬೀಡಿಯಂತೆ ಸುರುಳಿಯಾಗುತ್ತವೆ. ಆಗ ಇಡೀ ಮೆತ್ತೆ ಕಂದುಬಣ್ಣಕ್ಕೆ ತಿರುಗಿ, ಗೋಡೆಗೆ ಅಂಟಿದ ಒಣಮಣ್ಣಿನಂತೆ ಕಾಣುತ್ತದೆ. ಅದರ ಮೇಲೆ ಒಂದು ಹನಿ ನೀರು ಬಿಟ್ಟು ಭೂತಗನ್ನಡಿ ಹಿಡಿದರೆ ಸುರುಳಿ ಬಿಚ್ಚಿ ಎಲೆಗಳು ಸುತ್ತಲೂ ಚಾಚುವುದು ನೋಡನೋಡುತ್ತಲೇ ಕಾಣುತ್ತದೆ, ಹಸಿರು ಮರಳುತ್ತದೆ. ಇದಕ್ಕೆ ನಿಜವಾದ ಬೇರಿಲ್ಲ. ಕಲ್ಲಿಗೆ ಕಚ್ಚಿಕೊಳ್ಳಲು ಎಳೆಗಳಷ್ಟೇ ಇವೆ. ನೀರನ್ನು ಮೈಯಿಂದಲೇ ಹೀರುತ್ತದೆ. ಗಂಡು ಹೆಣ್ಣು ಬೇರೆಬೇರೆ ಗಿಡಗಳಲ್ಲಿರುವುದರಿಂದ ಬೀಜಾಣು ಕಟ್ಟಲು ಎರಡೂ ಹತ್ತಿರವಿರಬೇಕು, ನಡುವೆ ನೀರಿನ ಪೊರೆಯೂ ಬೇಕು. ಅದು ಕೂಡಿಬರದಿದ್ದರೆ ಎಲೆಯ ಕಂಕುಳಲ್ಲಿ ಹುಟ್ಟುವ ಜೆಮ್ಮಾ ಎಂಬ ಬಹುಕೋಶದ ಕಣಗಳೇ ಉದುರಿ ಹೊಸ ಗಿಡಗಳಾಗುತ್ತವೆ. 1980ರ ದಶಕದಲ್ಲಿ ದೆಹಲಿ ವಿಶ್ವವಿದ್ಯಾಲಯದ ಆರ್. ಎನ್. ಚೋಪ್ರಾ ಮತ್ತು ಸಂಗಡಿಗರು ಮೊಗ್ಗೊಡೆಯುವ ಬಗೆಯನ್ನು ಅರಿಯಲು ಪ್ರಯೋಗಾಲಯದಲ್ಲಿ ಬೆಳೆಸಿದ ಹಾವಸೆಗಳಲ್ಲಿ ಇದೂ ಒಂದು.

ಗೊಂದಲ ಶುರುವಾಗುವುದು ಗುರುತಿಸುವಲ್ಲಿ. ಬಾವಿಯ ಮೆಟ್ಟಿಲಲ್ಲಿ ಕಾಲು ಜಾರಿಸುವ ಲೋಳೆ, ಕೆರೆ ನೀರಿನ ಹಸಿರು, ಗೋಡೆಯ ಮೆತ್ತೆ ಎಲ್ಲಕ್ಕೂ ಜನ ಪಾಚಿ ಎಂದೇ ಅನ್ನುತ್ತಾರೆ. ಮೊದಲ ಎರಡು ಶೈವಲಗಳು. ಎಲೆ, ಕಾಂಡ ಇರುವುದು ಮೂರನೆಯದಕ್ಕೆ ಮಾತ್ರ. ಗುಡೇಕೋಟೆಯ ಕರಡಿಧಾಮದ ಬಂಡೆಗಳ ಮೇಲಿನ ಬೂದುಬಣ್ಣದ ಚಕ್ಕೆಗಳನ್ನೂ ಹಾವಸೆ ಎಂದು ಬರೆಯುವವರಿದ್ದಾರೆ. ಅವು ಕಲ್ಲುಹೂಗಳು, ಶಿಲೀಂಧ್ರವೂ ಶೈವಲವೂ ಕೂಡಿ ಬಾಳುವ ಜೀವಿಗಳು. ಕಾಲೇಜು ಪಠ್ಯಗಳಿಂದಾಗಿ ಇನ್ನೊಂದು ತಪ್ಪು ಊರಿದೆ. ಅಲ್ಲಿ ಮಾದರಿಯಾಗಿ ಬರುವುದು ಫ್ಯುನೇರಿಯ ಹೈಗ್ರೊಮೆಟ್ರಿಕ. ಬೆಂಕಿ ಬಿದ್ದ ನೆಲ, ಹಸಿಮಣ್ಣು ಅದಕ್ಕೆ ಪ್ರಿಯ. ಚಿತ್ರ ಅದರದ್ದೇ ಆದ್ದರಿಂದ ಗೋಡೆಯ ಮೇಲೆ ಕಂಡದ್ದಕ್ಕೂ ವಿದ್ಯಾರ್ಥಿಗಳು ಅದೇ ಹೆಸರು ಹಚ್ಚುತ್ತಾರೆ. ಫ್ಯುನೇರಿಯದ ಬೀಜಾಣುಕೋಶ ಬಾಗಿ ತೂಗುತ್ತದೆ, ಅದರ ಬಾಯಲ್ಲಿ ಹಲ್ಲುಗಳಿವೆ. ಹಯೋಫಿಲದ ಕೋಶ ನೆಟ್ಟಗೆ ನಿಲ್ಲುತ್ತದೆ, ಬಾಯಿ ಬೋಳು.

ಈ ಬೋಳುಬಾಯಿಯೇ ಹೆಸರಿನ ಚರಿತ್ರೆಯನ್ನೂ ಸುತ್ತಿಸಿತು. 1801ರಲ್ಲಿ ಪ್ರಕಟವಾದ ಹೆಡ್ವಿಗ್‌ನ ಗ್ರಂಥ ಕೋಶದ ಹಲ್ಲುಗಳನ್ನು ನೋಡಿ ಹಾವಸೆಗಳನ್ನು ವಿಂಗಡಿಸಿತ್ತು. ಅದರಂತೆ 1819ರಲ್ಲಿ ವಿಲಿಯಂ ಹೂಕರ್ ನೇಪಾಳದಿಂದ ಬಂದ ಈ ಬೋಳುಬಾಯಿಯ ಗಿಡವನ್ನು ಜಿಮ್ನೊಸ್ಟೋಮಮ್ ಇನ್ವಲ್ಯೂಟಮ್ ಎಂದು ಕರೆದ. ಬ್ರಿಡೆಲ್ 1827ರಲ್ಲಿ ಹಯೋಫಿಲ ಕುಲವನ್ನು ಕಟ್ಟಿದ. ಯೇಗರ್ 1870ರ ದಶಕದಲ್ಲಿ ಈ ಪ್ರಭೇದವನ್ನು ಅದಕ್ಕೆ ಸೇರಿಸಿದ. ಮುಂದಿನದು ದಕ್ಷಿಣ ಭಾರತದ ಸಂಗ್ರಾಹಕರ ಕಾಲ. ಟಿ. ಎಲ್. ವಾಕರ್ ಕೊಡಗಿನಲ್ಲಿ ಕೂಡಿಸಿದ ಹಾವಸೆಗಳನ್ನು ಫಿನ್ಲೆಂಡಿನ ಬ್ರೊಥೆರಸ್ 1899ರಲ್ಲಿ ವರ್ಣಿಸಿದಾಗ ಹಯೋಫಿಲ ವಾಕೆರಿ ಎಂಬ ಹೊಸ ಹೆಸರು ಬಂತು. ಸೆಜ್‌ವಿಕ್ ಮತ್ತು ಬೆಲ್ ಉತ್ತರ ಕನ್ನಡದಿಂದ ಕಳಿಸಿದ್ದನ್ನು ಇಂಗ್ಲೆಂಡಿನ ಡಿಕ್ಸನ್ ಪರಿಶೀಲಿಸಿದ. ಪಾದ್ರಿ ಫೋರೊ ಪಳನಿ ಬೆಟ್ಟಗಳನ್ನು ಶೋಧಿಸಿದರು. ಕೊಡಗು, ಉತ್ತರ ಕನ್ನಡ, ಪಳನಿ: ಮೂರೂ ಮಳೆ ಸುರಿಯುವ ನಾಡುಗಳು. 2013ರಲ್ಲಿ ಊವೆ ಶ್ವಾರ್ಜ್ ಪ್ರಕಟಿಸಿದ ಕರ್ನಾಟಕದ ಪರಿಷ್ಕೃತ ಪಟ್ಟಿ ಹಳೆಯ ದಾಖಲೆಗಳನ್ನೆಲ್ಲ ಒಂದೆಡೆ ತಂದಿತು.

ಈ ತಾಲ್ಲೂಕುಗಳು ಆಗ ಸೇರಿದ್ದ ಬಳ್ಳಾರಿ ಸೀಮೆಗೆ ಬಂದ ಬರಹಗಾರರ ಕಣ್ಣು ಬೇರೆ ಕಡೆಗಿತ್ತು. ಕೆಲ್ಸಾಲ್‌ನ 1872ರ ಕೈಪಿಡಿ, ಫ್ರಾನ್ಸಿಸ್‌ನ 1904ರ ಗೆಜೆಟಿಯರ್‌ಗಳಲ್ಲಿ ಬೆಳೆ, ಬರ, ಕಂದಾಯ. 1896ರಲ್ಲಿ ಅಲೆಕ್ಸಾಂಡರ್ ರೀ ಬಾಗಳಿ, ಮಾಗಳ, ಹಿರೇಹಡಗಲಿ, ಕುರುವತ್ತಿಯ ಚಾಲುಕ್ಯ ಗುಡಿಗಳ ಕೆತ್ತನೆಯನ್ನು ಗೆರೆಗೆರೆಯಾಗಿ ಬರೆಸಿದ. ಕೆತ್ತನೆಯ ಸಂದಿನ ಹಸಿರು ಅವನ ವಿಷಯವಲ್ಲ. ಜಿಲ್ಲೆವಾರು ಪಟ್ಟಿಗಳನ್ನು ಹೋಲಿಸುವವರು ಇಲ್ಲಿ ಎಚ್ಚರದಿಂದಿರಬೇಕು. ಈ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದರಾಸಿನಲ್ಲಿದ್ದವು, ಆಮೇಲೆ ಮೈಸೂರಿಗೆ ಬಂದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಕೊಟ್ಟೂರು ಕೂಡ್ಲಿಗಿಯಿಂದ ಈಚೆಗೆ ಬೇರ್ಪಟ್ಟ ತಾಲ್ಲೂಕು. ಹಳೆಯ ಮಾದರಿಯ ಚೀಟಿಯಲ್ಲಿ ಬಳ್ಳಾರಿ ಎಂದಷ್ಟೇ ಇದ್ದರೆ ಊರಿನ ಹೆಸರು ಸಿಗದ ಹೊರತು ಏನೂ ಹೇಳಲಾಗದು.

ಪ್ರಭೇದದ ಸ್ವಭಾವದಿಂದ ನೋಡಿದರೆ ಇಲ್ಲಿ ನಿಜವಾದ ತಿರುವು ನಾಮಕರಣವಲ್ಲ, ಕಟ್ಟಡ. ಬೋಳು ಗ್ರಾನೈಟ್ ಬಂಡೆಯಲ್ಲಿ ಸುಣ್ಣ ಕಡಿಮೆ, ಬಿಸಿಲು ವಿಪರೀತ. ಹಯೋಫಿಲಕ್ಕೆ ಅದು ಒಗ್ಗದು. ಕಲ್ಲಿನ ಸಂದಿಗೆ ಗಾರೆ ಬಿದ್ದು ಪಕ್ಕದಲ್ಲಿ ನೀರು ನಿಂತರೆ ಅದಕ್ಕೆ ಬೇಕಾದ್ದೆಲ್ಲ ಸಿಕ್ಕಿತು. ಕೋಟೆಯ ಹೊಂಡ, ಕೆರೆಯ ತೂಬು, ಕಲ್ಯಾಣಿಯ ನೆರಳಿನ ಮಗ್ಗುಲು ಹಳೆಯ ಕಾಲದ ಇಂಥ ತಾಣಗಳು. 1953ರಲ್ಲಿ ತುಂಗಭದ್ರಾ ಜಲಾಶಯಕ್ಕೆ ನೀರು ನಿಂತ ಮೇಲೆ ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರಿನ ಅಂಚು ಸೇರಿತು. ಆದರೆ ಇವೆಲ್ಲಕ್ಕಿಂತ ಹೆಚ್ಚು ನೆಲೆ ಒದಗಿಸಿದ್ದು ಸಿಮೆಂಟು: ಕೊಳವೆಬಾವಿಯ ಕಟ್ಟೆ, ದನದ ತೊಟ್ಟಿ, ಸೋರುವ ಮೇಲ್ತೊಟ್ಟಿಯ ಕಂಬ, ಬಚ್ಚಲ ನೀರು ಹರಿಯುವ ಚರಂಡಿ. ಮಳೆ ಕೈಕೊಟ್ಟ ವರ್ಷವೂ ಇಲ್ಲಿ ತೇವ ಆರುವುದಿಲ್ಲ.

ಗುಡಿಗಳ ವಿಷಯ ಬೇರೆ. ಬಾಗಳಿ, ಕುರುವತ್ತಿಗಳ ಗುಡಿಗಳಂಥ ಬಳಪದ ಕಲ್ಲಿನ ಕೆತ್ತನೆ ಮೆದು. ಎಳೆಗಳು ಕಚ್ಚಿ, ತೇವ ಹಿಡಿದು, ಧೂಳು ಕೂಡಿಸಿ ಅದನ್ನು ಸವೆಸುತ್ತವೆ ಎಂಬುದು ಸಂರಕ್ಷಕರ ವಾದ. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ವಿಜ್ಞಾನ ಶಾಖೆ ತನ್ನ ಸ್ಮಾರಕಗಳಲ್ಲಿ ನೀರು ಬೆರೆಸಿದ ಅಮೋನಿಯ ಮತ್ತು ಮೃದು ಮಾರ್ಜಕದಿಂದ ಕಲ್ಲು ತೊಳೆಸಿ, ಮೇಲೆ ಜೀವನಾಶಕ ಬಳಿಸುತ್ತದೆ. ಒಣ ಮೆತ್ತೆಯೇ ಮಳೆನೀರನ್ನು ಮೇಲ್ಮೈಯಲ್ಲಿ ಹಿಡಿದು ಕಲ್ಲನ್ನು ಕಾಯುತ್ತದೆ ಎನ್ನುವವರೂ ಇದ್ದಾರೆ. ಇವೆರಡರಲ್ಲಿ ಯಾವುದು ಸರಿ ಎಂಬುದು ಕಲ್ಲಿನ ಜಾತಿಯ ಮೇಲೆ ನಿಂತಿದೆ. ಗ್ರಾನೈಟಿಗೆ ಹೇಳಿದ್ದನ್ನು ಬಳಪದ ಕಲ್ಲಿಗೆ ಅನ್ವಯಿಸುವಂತಿಲ್ಲ. ಮಾಳಿಗೆಯ ಸೋರಿಕೆ ನಿಲ್ಲಿಸದೆ ಬರೀ ತೊಳೆದಲ್ಲಿ ಹಾವಸೆ ಮತ್ತೆ ಬರುತ್ತದೆ ಎಂಬುದರಲ್ಲಿ ಮಾತ್ರ ಎರಡೂ ಕಡೆಯವರಿಗೆ ತಕರಾರಿಲ್ಲ.