ಹಕಾರದ ಹಾದಿ

ಉಳವಿ ಎಂದೊಡನೆ ಅನೇಕರಿಗೆ ನೆನಪಾಗುವುದು ಚನ್ನಬಸವಣ್ಣನವರು ಐಕ್ಯರಾದ ಉತ್ತರ ಕನ್ನಡ ಜಿಲ್ಲೆಯ ಉಳವಿ. ನಾನು ಹೇಳಹೊರಟಿರುವುದು ಸೊರಬ ತಾಲ್ಲೂಕಿನ ಹೋಬಳಿ ಕೇಂದ್ರವಾದ ಉಳವಿಯ ಮಾತು. 1974ರಲ್ಲಿ ಆ ಭಾಗದ ಒಂದು ಪ್ರಾಥಮಿಕ ಶಾಲೆಗೆ ನಾನು ಉಪಾಧ್ಯಾಯನಾಗಿ ಸೇರಿದೆ. ಅಲ್ಲಿ ಕಳೆದ ಒಂದು ದಿನದ ಸಾಲವನ್ನು ಇಂದಿಗೂ ಪೂರ್ತಿ ತೀರಿಸಲಾಗಿಲ್ಲ.

ಮೂರನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಓದುತ್ತಿದ್ದ. ಪುಸ್ತಕದಲ್ಲಿದ್ದುದು 'ಹಕ್ಕಿ ಹಾರಿತು'. ಅವನು ಗಟ್ಟಿಯಾಗಿ ಓದಿದ್ದು 'ಅಕ್ಕಿ ಆರಿತು'. ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ಹತ್ತು ಸಲ 'ಹಕ್ಕಿ' ಎನ್ನಿಸಿದೆ. ಮರುದಿನ ಏನು ಊಟ ಮಾಡಿ ಬಂದೆಯೆಂದು ಕೇಳಿದರೆ, ಎಚ್ಚರಿಕೆಯಿಂದ ಉಸಿರು ಕೂಡಿಸಿಕೊಂಡು, 'ಹನ್ನ ಉಂಡೆ ಸಾರ್' ಎಂದ. ಮತ್ತೆ ನಗು. ಆಮೇಲೆ ಆ ಬಾಲಕ ನನ್ನೆದುರು ಗಟ್ಟಿಯಾಗಿ ಓದಲೇ ಇಲ್ಲ. ನಾಲ್ಕನೆಯ ತರಗತಿಯ ನಡುವೆ ಶಾಲೆ ಬಿಟ್ಟ. ಬಡತನವೂ ಕಾರಣವಾಗಿದ್ದೀತು, ಆದರೆ ನನ್ನ ನಗುವನ್ನು ಆ ಲೆಕ್ಕದಿಂದ ಕಳೆಯಲಾರೆ.

ನಮ್ಮ ಸೀಮೆಯಲ್ಲಿ ಕನ್ನಡ ಒಂದೇ ಬಗೆಯದಲ್ಲ. 1956ರ ನವೆಂಬರ್ 1ರವರೆಗೆ ಸೊರಬ ಮೈಸೂರು ಸಂಸ್ಥಾನದ ಗಡಿ ತಾಲ್ಲೂಕು. ಪಕ್ಕದ ಬನವಾಸಿ, ಹಾನಗಲ್ಲು, ಹಿರೇಕೆರೂರುಗಳು ಮುಂಬಯಿ ಆಡಳಿತಕ್ಕೆ ಸೇರಿದ್ದವು. ಗಡಿಯಿದ್ದರೂ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಆದ್ದರಿಂದ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ 'ಮನಿ', 'ಐತಿ' ಎಂದರೆ, ಹವ್ಯಕರ ಮನೆಯ ಹುಡುಗ 'ಆನು' ಎನ್ನುತ್ತಿದ್ದ, ಇನ್ನೊಬ್ಬನ ಬಾಯಲ್ಲಿ ಹಾಲು 'ಆಲು' ಆಗುತ್ತಿತ್ತು. ಪಠ್ಯಪುಸ್ತಕ ಮಾತ್ರ ಎಲ್ಲರಿಗೂ ಒಂದೇ. ಕೆಂಪು ಶಾಯಿಯ ಲೇಖನಿ ನನ್ನ ಕೈಯಲ್ಲಿತ್ತು.

ಮುಂದೆ ಖಾಸಗಿಯಾಗಿ ಎಂ.ಎ. ಪರೀಕ್ಷೆಗೆ ಓದುವಾಗ ಭಾಷಾಶಾಸ್ತ್ರದ ಪಾಠ ನನ್ನ ಕಣ್ಣು ತೆರೆಸಿತು. ಹಳಗನ್ನಡದಲ್ಲಿ ಹಾಲು 'ಪಾಲ್', ಹುಲಿ 'ಪುಲಿ', ಹಕ್ಕಿ 'ಪಕ್ಕಿ'. ತಮಿಳು, ತೆಲುಗುಗಳಲ್ಲಿ ಹುಲಿ ಈಗಲೂ ಪುಲಿಯೇ. ಕನ್ನಡದಲ್ಲಿ ಸುಮಾರು ಹತ್ತನೆಯ ಶತಮಾನದಿಂದ ಪದದ ಮೊದಲಿನ ಪಕಾರ ಹಕಾರವಾಗತೊಡಗಿ, ಮುಂದಿನ ಕೆಲವು ಶತಮಾನಗಳಲ್ಲಿ ಆ ಬದಲಾವಣೆ ನೆಲೆಯೂರಿತು. ನಮ್ಮ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹುಂಚವೇ ಇದಕ್ಕೆ ಸಾಕ್ಷಿ. ಸಾಂತರ ಅರಸರ ಕಾಲದಲ್ಲಿ ಅದು ಪೊಂಬುರ್ಚ. ಪಕಾರ ಸಡಿಲವಾಗಿ ಹಕಾರವಾಯಿತು. ಹಕಾರ ಇನ್ನೂ ಸಡಿಲವಾದರೆ ಉಳಿಯುವುದು ಬರಿಯ ಸ್ವರ. ಪಾಲು, ಹಾಲು, ಆಲು. ನನ್ನ ಹುಡುಗ ಭಾಷೆಯನ್ನು ಕೆಡಿಸಿರಲಿಲ್ಲ. ಅದೇ ಹಾದಿಯಲ್ಲಿ ನಮಗಿಂತ ಒಂದು ಹೆಜ್ಜೆ ಮುಂದೆ ನಿಂತಿದ್ದ. 'ತಪ್ಪು' ಎನಿಸಿದ್ದ 'ಆನು' ಹಳಗನ್ನಡದ 'ಆನ್' ಎಂಬುದರ ನೇರ ವಾರಸುದಾರ.

ನಿವೃತ್ತಿಯ ಬಳಿಕ ಸ್ಪ್ಯಾನಿಷ್ ಭಾಷೆಯ ಚರಿತ್ರೆ ಓದುವಾಗ ಬೆರಗಾದೆ. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ 'ಫರೀನ' ಎಂದು ಹೆಸರು. ಸ್ಪೇನಿನಲ್ಲಿ ಅದು 'ಹರೀನ'ವಾಗಿ, ಈಗ ಬಾಯಲ್ಲಿ 'ಅರೀನ'. ಬರಹದಲ್ಲಿ ಹಕಾರವುಂಟು, ನಾಲಿಗೆಯಲ್ಲಿಲ್ಲ. ಹದಿನಾರನೆಯ ಶತಮಾನದಲ್ಲಿ ತೊಲೆದೊ ನಗರದ ಗಣ್ಯರು ಹಕಾರವನ್ನು ಉಚ್ಚರಿಸುತ್ತಿದ್ದರು, ಉತ್ತರದವರು ಬಿಡುತ್ತಿದ್ದರು. 1561ರಲ್ಲಿ ದೊರೆ ಎರಡನೆಯ ಫಿಲಿಪ್ ಆಸ್ಥಾನವನ್ನು ತೊಲೆದೊದಿಂದ ಮ್ಯಾಡ್ರಿಡ್‌ಗೆ ಸಾಗಿಸಿದ. ಬರುಬರುತ್ತ ಉತ್ತರದವರ ಉಚ್ಚಾರವೇ ಶಿಷ್ಟವಾಯಿತು. ಇಂದು ದಕ್ಷಿಣದ ಆಂದಲೂಸಿಯದ ಕೆಲವು ಹಳ್ಳಿಗಳಲ್ಲಿ ಹಕಾರ ಉಳಿದಿದೆ. ಅಲ್ಲಿ ಅದನ್ನು ಉಚ್ಚರಿಸುವವನೇ ಹಳ್ಳಿಗ! ನಮ್ಮಲ್ಲಿ ಹಕಾರ ಬಿಟ್ಟವನು ಗಮಾರ, ಅವರಲ್ಲಿ ಹಿಡಿದುಕೊಂಡವನು. ಹಾಗಾದರೆ ದೋಷ ಧ್ವನಿಯಲ್ಲಿಲ್ಲ. ಯಾರ ಬಾಯಲ್ಲಿದೆ ಎಂಬುದರಲ್ಲಿದೆ.

ನಮ್ಮ ಚರಿತ್ರೆಯೂ ಇದನ್ನೇ ಹೇಳುತ್ತದೆ. ಸುಮಾರು 850ರ 'ಕವಿರಾಜಮಾರ್ಗ'ವು ಕನ್ನಡದ ಪ್ರಾದೇಶಿಕ ಭೇದಗಳನ್ನೆಲ್ಲ ಅರಿಯಲು ಸಾವಿರ ನಾಲಿಗೆಯ ವಾಸುಕಿಗೂ ಬೇಸರವಾದೀತೆಂಬ ಭಾವವನ್ನು ಸೂಚಿಸುತ್ತದೆ. 941ರಲ್ಲಿ ಭಾರತ ಬರೆದ ಪಂಪ, ತನ್ನದು ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟ. ಪುಲಿಗೆರೆ ಮುಂದೆ ಹುಲಿಗೆರೆಯಾಯಿತು. ಅದೇ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಅಂದು ಮಾದರಿಯೆನಿಸಿದ್ದ ಆ ಸೀಮೆಯ ಮಗು ಇಂದು 'ಮನಿಗಿ ಹೋದೆ' ಎಂದು ಬರೆದರೆ ನಮ್ಮಂಥವರು ಕೆಂಪು ಗೆರೆ ಎಳೆಯುತ್ತೇವೆ. ಸಾವಿರ ವರ್ಷಗಳಲ್ಲಿ ಪೀಠ ದಕ್ಷಿಣಕ್ಕೆ ಸರಿದು ಮೈಸೂರು, ಬೆಂಗಳೂರುಗಳನ್ನು ಸೇರಿದೆ, ಅಷ್ಟೇ.

ಹಾಗೆಂದು ಗ್ರಂಥಭಾಷೆ ಬೇಡವೆನ್ನುವವನು ನಾನಲ್ಲ. ಬೀದರಿನವನು ಬರೆದದ್ದನ್ನು ಚಾಮರಾಜನಗರದವನು ಓದಬೇಕಾದರೆ ಎಲ್ಲರಿಗೂ ಸಲ್ಲುವ ಒಂದು ಬರಹ ಬೇಕೇ ಬೇಕು. ಆದರೆ ಅದನ್ನು ಮನೆಮಾತಿನ ಪಕ್ಕದಲ್ಲಿಟ್ಟು ಕಲಿಸಬೇಕು, ಮನೆಮಾತಿನ ಎದೆಯ ಮೇಲೆ ನಿಲ್ಲಿಸಿ ಅಲ್ಲ.

ಸೇವೆಯ ಕೊನೆಯ ಹತ್ತು ವರ್ಷ, ಯಾವುದೇ ಮಗು 'ಆಲು' ಎಂದಾಗ ಕಪ್ಪುಹಲಗೆಯ ಮೇಲೆ ಪಾಲು, ಹಾಲು, ಆಲು ಎಂದು ಬರೆದು ಹುಂಚದ ಕಥೆ ಹೇಳುತ್ತಿದ್ದೆ. 'ಮನೆಯಲ್ಲಿ ಹಾಗೆಯೇ ಅನ್ನು ಮಗು, ಬರೆಯುವಾಗ ಮಾತ್ರ ಒಂದು ಹಕಾರ ಸೇರಿಸು' ಎನ್ನುತ್ತಿದ್ದೆ. ಮಕ್ಕಳು ಆಗಲೂ ನಗುತ್ತಿದ್ದರು. ಆ ನಗುವಿನಲ್ಲಿ ಎದ್ದು ನಿಂತಿದ್ದ ಮಗುವೂ ಸೇರಿರುತ್ತಿತ್ತು. ಅಂದು ಉಳವಿಯ ಆ ಹುಡುಗನಿಗೆ ಈ ಪಾಠ ಹೇಳಲು ನನಗೆ ತಿಳಿದಿರಲಿಲ್ಲ. ಅವನ ಅಕ್ಕಿ ಆರಿತು; ನನ್ನ ಹಕ್ಕಿ ಹಾರಿಹೋಯಿತು.